ಚಾರ್ಲ್‌ಸ್ಟನ್ ವಾಟರ್‌ಫ್ರಂಟ್ ಪಾರ್ಕ್: ಹೋಗುವ ಮುನ್ನ ಉಬ್ಬರದ ವೇಳೆ ನೋಡಿಕೊಳ್ಳಿ

ಅಟ್ಲಾಂಟಾ, ಷಾರ್ಲಟ್ ಕಡೆಯಿಂದ ವಾರಾಂತ್ಯಕ್ಕೆ ಕಾರು ತೆಗೆಯುವ ಕನ್ನಡಿಗರು ಅಮೆರಿಕದ ದಕ್ಷಿಣ ಕೆರೊಲಿನಾದ ಚಾರ್ಲ್‌ಸ್ಟನ್‌ನಲ್ಲಿ ಬಿಡಬಾರದ ಜಾಗವೆಂದರೆ ಕೂಪರ್ ನದಿಯ ದಂಡೆಯ ಈ ಪಾರ್ಕ್. ಪ್ರವೇಶ ಉಚಿತ. ನಮ್ಮ ಲೆಕ್ಕದಲ್ಲಿ ಐದಕ್ಕೆ ನಾಲ್ಕೂವರೆ.

ಇಲ್ಲಿ ಮೊದಲು ಇದ್ದದ್ದು ಪಾಳುಬಿದ್ದ ಹಡಗುಕಟ್ಟೆಗಳು. ಎತ್ತರದ ಖಾಸಗಿ ಕಟ್ಟಡ ಎಬ್ಬಿಸುವ ಯೋಜನೆಯೂ ಇತ್ತು. 1975ರಿಂದ 2016ರವರೆಗೆ ಮೇಯರ್ ಆಗಿದ್ದ ಜೋಸೆಫ್ ರೈಲಿ, ನೀರಿನಂಚು ಊರಿನ ಎಲ್ಲರದ್ದು ಎಂದು ಪಟ್ಟು ಹಿಡಿದರು. 1989ರ ಹ್ಯೂಗೋ ಚಂಡಮಾರುತದ ಪೆಟ್ಟು ತಿಂದೂ 1990ರಲ್ಲಿ ಪಾರ್ಕ್ ತೆರೆಯಿತು. ಕಟ್ಟಡಗಳೆಲ್ಲ ರಸ್ತೆಯ ಹಿಂದೆಯೇ ನಿಂತಿವೆ, ನದಿಯ ಬದಿಗೆ ಒಂದು ಅಂಗಡಿಯೂ ಅಡ್ಡ ಬರುವುದಿಲ್ಲ. ಅಲ್ಲಿ ನಿಂತಾಗ ರೈಲಿಯ ಹಟ ಎಷ್ಟು ಸರಿಯಿತ್ತೆಂದು ತಿಳಿಯುತ್ತದೆ.

ಮಕ್ಕಳಿದ್ದರೆ ಬದಲಿ ಬಟ್ಟೆ ಒಯ್ಯಿರಿ. ಅನಾನಸ್ ಆಕಾರದ ಕಾರಂಜಿಯಲ್ಲೂ ವೆಂಡ್ಯೂ ರೇಂಜ್ ಬೀದಿ ಮುಗಿಯುವಲ್ಲಿನ ಕಾರಂಜಿಯಲ್ಲೂ ಮಕ್ಕಳು ನೀರಿಗಿಳಿಯದೆ ಬಿಡುವುದಿಲ್ಲ. ಬೇಸಿಗೆಯ ಮಧ್ಯಾಹ್ನ ನೀರಿನ ಪಕ್ಕದ ಹಾದಿಯಲ್ಲಿ ಬಿಸಿಲು ಜೋರು, ಆಗ ಒಳಗಿನ ಓಕ್ ಮರಗಳ ಸಾಲಿಗೆ ಸರಿಯಿರಿ. ಪಿಯರ್ (ನದಿಯೊಳಕ್ಕೆ ಚಾಚಿದ ಕಟ್ಟೆ) ಮೇಲಿನ ಮರದ ಉಯ್ಯಾಲೆಗಳು ಸಂಜೆ ಖಾಲಿ ಸಿಗುವುದು ಅಪರೂಪ, ಬೆಳಿಗ್ಗೆಯೇ ಹೋಗಿ.

ತೊಂದರೆ ಇರುವುದು ನೀರಿನದ್ದೇ. ಹಳೆಯ ತೊರೆಗಳನ್ನು ಮುಚ್ಚಿ ಎಬ್ಬಿಸಿದ ನೆಲ ತಗ್ಗಾಗಿದೆ. ಉಬ್ಬರ ಏರಿದಾಗ ಸಮುದ್ರದ ನೀರು ಮಳೆಚರಂಡಿಗಳಲ್ಲಿ ಹಿಮ್ಮುಖವಾಗಿ ನುಗ್ಗಿ ಮಾರ್ಕೆಟ್ ಸ್ಟ್ರೀಟ್ ಸುತ್ತ ನಿಲ್ಲುತ್ತದೆ. ಅದೇ ಹೊತ್ತಿಗೆ ಮಳೆ ಬಂದರೆ ಹರಿದುಹೋಗಲು ದಾರಿಯೇ ಇಲ್ಲ. ಚಾರ್ಲ್‌ಸ್ಟನ್ ಬಂದರಿನ ಉಬ್ಬರ ಮುನ್ಸೂಚನೆಯಲ್ಲಿ (ಇದು ಇಳಿತದ ಸರಾಸರಿ ಮಟ್ಟದಿಂದ ಅಳೆದದ್ದು) 7 ಅಡಿ ಎಂದಿದ್ದರೆ ತಗ್ಗು ಬೀದಿಗಳಲ್ಲಿ ನೀರು ಖಚಿತ; 8 ಅಡಿ ಎಂದರೆ ಬೇರೆ ಹೊತ್ತಿಗೆ ಹೋಗಿ. ನಿಂತ ಉಪ್ಪುನೀರಿನಲ್ಲಿ ಕಾರು ಇಳಿಸಿದರೆ ತಳದ ಕಬ್ಬಿಣಕ್ಕೆ ತುಕ್ಕು. ಬೀದಿ ಬದಿ ನಿಲ್ಲಿಸುವ ಬದಲು ಗ್ಯಾರೇಜಿನ ಮೇಲಂತಸ್ತಿಗೆ ಹಾಕಿ, ಉಚಿತ ಡ್ಯಾಶ್ ಬಸ್ಸಿನಲ್ಲಿ ಓಡಾಡಿ.

ಈಗಿನ ಚರ್ಚೆಯೂ ಇದರದ್ದೇ. ಹಳೆ ಊರಿನ ಸುತ್ತ ಸುಮಾರು 8 ಮೈಲಿ ತಡೆಗೋಡೆ ಕಟ್ಟಲು ಅಮೆರಿಕ ಸೇನೆಯ ಎಂಜಿನಿಯರುಗಳ ದಳ 2022ರಲ್ಲಿ 1.1 ಬಿಲಿಯನ್ ಡಾಲರಿನ ಯೋಜನೆ ಕೊಟ್ಟಿತು. ಅದರ 35% ಸ್ಥಳೀಯ ಪಾಲು. ಗೋಡೆಯ ಎತ್ತರ 12 ಅಡಿ ಎನ್ನುವುದು ಸಮುದ್ರಮಟ್ಟದಿಂದ ಅಳೆದದ್ದು, ಆದ್ದರಿಂದ ನೆಲದ ಮೇಲೆ ಕಾಣುವುದು ಅದಕ್ಕಿಂತ ಕಡಿಮೆ. ಹಾಗಿದ್ದರೂ ಬೆಂಚಿನಲ್ಲಿ ಕೂತವರ ಕಣ್ಣಿಗೆ ನದಿ ಮರೆಯಾಗದಂತೆ ಅದನ್ನು ರೂಪಿಸಲೇಬೇಕು. ಚಂಡಮಾರುತದ ನೀರನ್ನು ಆ ಗೋಡೆ ತಡೆದೀತು. ಚರಂಡಿಯಿಂದ ಉಕ್ಕುವ ನೀರಿಗೆ ಏಕಮುಖ ಕವಾಟ, ಪಂಪು ಬೇರೆಯೇ ಬೇಕು.