ಜಿಪ್ಸಿ ಮನೆಯಲ್ಲಿ ಜಿಮ್ನಿ: ಎರಡು ಮಳೆಗಾಲ ಓಡಿಸಿದ ಮೇಲೆ

ನಮ್ಮ ಕಾಫಿ ತೋಟ ಇರೋದು ಸಕಲೇಶಪುರದಿಂದ ಬಿಸಿಲೆ ಕಡೆಗೆ. ಟಾರು ರಸ್ತೆ ಬಿಟ್ಟರೆ ಮನೆವರೆಗೂ ಒಂದೂವರೆ ಕಿಲೋಮೀಟರು ಮಣ್ಣಿನ ಏರು. ಇಪ್ಪತ್ತೈದು ವರ್ಷ ಈ ಏರು ಹತ್ತಿದ್ದು ಮಾವನವರ 1998ರ ಮಾರುತಿ ಜಿಪ್ಸಿ ಕಿಂಗ್, ಫೋರ್ ವೀಲ್ ಡ್ರೈವಿನ ಜೀಪು. ಮದುವೆಯಾಗಿ ಬಂದ ಮೇಲೆ ನಾನು ಸ್ಟೀರಿಂಗ್ ಹಿಡಿದು ಕಲಿತದ್ದೂ ಅದರಲ್ಲೇ.

ಮಾರುತಿಯದ್ದೇ ಹೊಸ ಫೋರ್ ವೀಲ್ ಗಾಡಿ ಜಿಮ್ನಿ ತಂದ ದಿನ ಪಕ್ಕದ ತೋಟದ ದೊಡ್ಡಪ್ಪ ಬಂದು ಒಂದು ಸುತ್ತು ನೋಡಿ, "ಐದು ಬಾಗಿಲಾ? ಇದು ಕಾರು ಕಣವ್ವ, ಜೀಪಲ್ಲ" ಅಂದುಬಿಟ್ಟರು. ಅವರದ್ದು ಹಳೇ 410 ಮಾಡೆಲ್ ಜಿಪ್ಸಿ, 970 ಸಿಸಿ, ನಾಲ್ಕೇ ಗೇರು. 1996ರಲ್ಲಿ 1300 ಸಿಸಿಯ ಕಿಂಗ್ ಬಂತಲ್ಲ, ಅಲ್ಲಿಂದೀಚೆಗಿನದೆಲ್ಲ ಅವರ ಲೆಕ್ಕದಲ್ಲಿ ಶೋಕಿ. ಮಾವನವರಿಗೋ, ಕಂಪನಿಯವರು ಕಾರ್ಬುರೇಟರ್ ತೆಗೆದು ಎಂಪಿಎಫ್‌ಐ, ಅಂದರೆ ಎಲೆಕ್ಟ್ರಾನಿಕ್ ಆಗಿ ಪೆಟ್ರೋಲ್ ಚಿಮ್ಮಿಸೋ ವ್ಯವಸ್ಥೆ, ಹಾಕಿದ ದಿನವೇ ಜಿಪ್ಸಿ ಕೆಟ್ಟಿತು. ಕಾಡಿನ ಮಧ್ಯ ನಿಂತರೆ ಸ್ಕ್ರೂಡ್ರೈವರ್‌ಗೆ ಕೆಲಸವೇ ಇಲ್ಲವಲ್ಲ ಅನ್ನೋದು ಅವರ ಸಂಕಟ. 1985ರ ಕೊನೆಗೆ ಜಿಪ್ಸಿ ಬಂದಾಗ ಡೀಸೆಲ್ ಜೀಪಿನವರು ಅದನ್ನು "ಪೆಟ್ರೋಲ್ ಕುಡಿಯೋ ತಗಡು" ಅಂತಿದ್ದರು ಎಂದು ನನಗೆ ಹೇಳಿದವರೂ ಅವರೇ.

ಬಾಗಿಲಿನ ಮಾತು ನನಗೆ ನಿಜಕ್ಕೂ ಬೇಸರ ತರಿಸಿತು. ಜಿಪ್ಸಿಯೇ ಸುಜುಕಿಯ ಗಿಡ್ಡ ಜಿಮ್ನಿಯನ್ನು ಉದ್ದ ಮಾಡಿದ ಗಾಡಿ. ಟೇಪು ಹಿಡಿದರೆ ಜಿಪ್ಸಿ 4010 ಮಿಲಿಮೀಟರ್, ಐದು ಬಾಗಿಲಿನ ಜಿಮ್ನಿ 3985. ಅಡಿಯಲ್ಲಿ ಅದೇ ಏಣಿಯಂಥ ಚಾಸಿ, ಹಿಂದೆ ಮುಂದೆ ಗಟ್ಟಿ ಆಕ್ಸಲ್, ಗೇರಿನ ಪಕ್ಕ ಫೋರ್ ವೀಲಿಗೆ ಬೇರೆ ಲಿವರ್, ಲೋ ಗೇರ್. ಬದಲಾದದ್ದು ಮುಖ್ಯವಾಗಿ ಸ್ಪ್ರಿಂಗು. ಪಟ್ಟಿ ಹೋಗಿ ಕಾಯಿಲ್ ಬಂದಿದೆ. ಎಪ್ಪತ್ತು ದಾಟಿದ ಅತ್ತೆಯವರನ್ನು ಹಾಸನದ ಆಸ್ಪತ್ರೆಗೆ ಕರೆದುಕೊಂಡು ಹೋಗಿ ಬರುವವರಿಗೆ ಇದರ ಬೆಲೆ ಗೊತ್ತು. ಜಿಪ್ಸಿಯಲ್ಲಿ ಹೋಗಿಬಂದರೆ ಅವರಿಗೆ ಎರಡು ದಿನ ಸೊಂಟ ಎತ್ತಲಾಗುತ್ತಿರಲಿಲ್ಲ.

ಜುಲೈನಲ್ಲಿ ನಮ್ಮ ಏರಿನ ಎರಡನೇ ತಿರುವಿನಲ್ಲಿ ನೀರು ಕೊರೆದು ಒಂದು ಕಡೆ ಗುಂಡಿ ಬೀಳುತ್ತದೆ. ಅಲ್ಲಿ ಹಿಂದಿನ ಒಂದು ಚಕ್ರ ಮೇಲೆದ್ದರೆ ಜಿಪ್ಸಿಯಲ್ಲಿ ಆ ಚಕ್ರ ಗಾಳಿಯಲ್ಲಿ ಸುಮ್ಮನೆ ತಿರುಗುತ್ತದೆ. ಇಳಿಯಬೇಕು, ಕಲ್ಲು ಕೊಡಬೇಕು, ಫೋರ್ ವೀಲಿಗೆ ಮುಂದಿನ ಚಕ್ರಗಳನ್ನು ಜೋಡಿಸೋ ಹಬ್ ಲಾಕ್ ಮಾಡೋದು ಮರೆತಿದ್ದರೆ ಮಳೆಯಲ್ಲೇ ಬಗ್ಗಿ ತಿರುಗಿಸಬೇಕು. ಜಿಮ್ನಿ ಆ ಸುತ್ತುವ ಚಕ್ರಕ್ಕೆ ತಾನೇ ಬ್ರೇಕ್ ಹಾಕಿ, ನೆಲ ಕಚ್ಚಿದ ಚಕ್ರಕ್ಕೆ ಶಕ್ತಿ ಕೊಡುತ್ತದೆ. ಟರ್ ಟರ್ ಅಂತ ಕೆಳಗಿನಿಂದ ಸದ್ದು ಬರುತ್ತದೆ, ಹೆದರಿ ಆಕ್ಸಿಲರೇಟರ್ ಬಿಡಬಾರದು. ಒಂದೇ ಸಮ ಒತ್ತಿ ಹಿಡಿದರೆ ಹತ್ತಿಬಿಡುತ್ತದೆ. ಎರಡು ಮಳೆಗಾಲದಲ್ಲಿ ಆ ತಿರುವಿನಲ್ಲಿ ನಾನು ಒಮ್ಮೆಯೂ ಇಳಿದಿಲ್ಲ. ಸಂಜೆ ಒಬ್ಬಳೇ ಮಗನನ್ನು ಶಾಲೆಯಿಂದ ಕರೆತರುವ ನನಗೆ ಇದಕ್ಕಿಂತ ದೊಡ್ಡ ಸೌಕರ್ಯ ಬೇರೆ ಬೇಡ. ಆರು ಏರ್‌ಬ್ಯಾಗು ಇವೆ, ಪವರ್ ಸ್ಟೀರಿಂಗ್ ಇದೆ. 1462 ಸಿಸಿ ಎಂಜಿನ್ನು ಘಟ್ಟದಲ್ಲಿ ಓವರ್‌ಟೇಕಿಗೆ ಸ್ವಲ್ಪ ಕಿರುಚುತ್ತದೆ, ಗೇರು ಇಳಿಸಿ ಹೋಗಬೇಕು.

ಜಿಪ್ಸಿಯವರ ಒಂದು ಮಾತು ಮಾತ್ರ ಸಂಪೂರ್ಣ ನ್ಯಾಯ. ಜಿಮ್ನಿ ನಾಲ್ಕೇ ಜನರ ಗಾಡಿ. ಸೀಟು ಮಡಚದೆ ಡಿಕ್ಕಿ ಬರೀ 208 ಲೀಟರು. ಜಿಪ್ಸಿಯ ಹಿಂದಿನ ಅಡ್ಡ ಸೀಟಿನಲ್ಲಿ ಕುಯ್ಲಿನ ದಿನ ಕೆಲಸದವರ ಲೈನ್ ಮನೆಗಳಿಂದ ಆರು ಜನರನ್ನು ತೋಟಕ್ಕೆ ಬಿಡುತ್ತಿದ್ದೆವು, ಸಂಜೆ ಅದರಲ್ಲೇ ಹಣ್ಣಿನ ಮೂಟೆ ಬರುತ್ತಿತ್ತು. ಜಿಮ್ನಿಯಲ್ಲಿ ಸೀಟು ಮಡಚಿದರೂ ನೆಲ ಸಪಾಟಾಗಲ್ಲ, ಮೂಟೆ ವಾಲುತ್ತದೆ. 2023ರಲ್ಲಿ ಶೋರೂಂ ಬೆಲೆಯೇ 12.74 ಲಕ್ಷದಿಂದ ಶುರುವಾಗಿದ್ದ ಗಾಡಿಯಲ್ಲಿ ತೋಟದ ಕೆಲಸವೂ ಆಗಬೇಕು ಅನ್ನುವವರು ಇದನ್ನು ಮೊದಲೇ ತಿಳಿದಿರಬೇಕು. ಮನೆಯಲ್ಲಿ ಇರೋದೊಂದೇ ಗಾಡಿ ಅಂದರೆ ನಾನು ಜಿಮ್ನಿ ತಗೊಳ್ಳಿ ಅನ್ನಲ್ಲ.

ನಮ್ಮ ಜಿಪ್ಸಿ ಮಾರಿಲ್ಲ. ಡಿಸೆಂಬರಿನಿಂದ ಮಾರ್ಚಿವರೆಗೆ ಮೂಟೆ ಹೊರೋದು ಈಗಲೂ ಅದೇ. ಭಾನುವಾರ ಮಾವನವರು ಅದರ ಬಾನೆಟ್ ಎತ್ತಿಕೊಂಡು ಕೂರುತ್ತಾರೆ, ದೊಡ್ಡಪ್ಪ ತಮ್ಮ 410ನ್ನು ಪಕ್ಕಕ್ಕೆ ತಂದು ನಿಲ್ಲಿಸುತ್ತಾರೆ. ನಾನು ಜಿಮ್ನಿ ತೊಳೆದು ಅದೇ ಸಾಲಿನಲ್ಲಿ ನಿಲ್ಲಿಸುತ್ತೇನೆ.