ಬಡಕಲು ಬೆಕ್ಕಿಗೆ ಒಣ ಆಹಾರವೋ, ಮೆದು ಆಹಾರವೋ?

ಬೆನ್ನು ಸವರಿದರೆ ಮೂಳೆ ಕೈಗೆ ತಾಕುವ ಬೆಕ್ಕನ್ನು ಮೊದಲು ಪಶುವೈದ್ಯರಿಗೆ ತೋರಿಸಿ. ಜಂತುಹುಳು, ಹಲ್ಲುನೋವು, ಥೈರಾಯ್ಡ್ ಅಥವಾ ಮೂತ್ರಪಿಂಡದ ತೊಂದರೆ ಇದ್ದರೆ ಬರೀ ಆಹಾರದಿಂದ ತೂಕ ಏರದು.

ಕ್ಯಾಲೊರಿ ಲೆಕ್ಕದಲ್ಲಿ ಒಣ ಆಹಾರವೇ ಮುಂದು: 100 ಗ್ರಾಮಿಗೆ ಸುಮಾರು 350ರಿಂದ 400. ಡಬ್ಬಿಯ ಮೆದು ಆಹಾರದಲ್ಲಿ ಮುಕ್ಕಾಲು ಪಾಲು ನೀರೇ. ಕ್ಯಾಲೊರಿ ಸುಮಾರು 100. ಆದರೆ ಬಟ್ಟಲಲ್ಲೇ ಉಳಿದ ಆಹಾರ ಮೈಗೆ ಹತ್ತುವುದಿಲ್ಲವಲ್ಲ! ಮೂಸಿ ಮುಖ ತಿರುಗಿಸುವ ಬೆಕ್ಕಿಗೆ ನನ್ನ ಆಯ್ಕೆ ಮೆದು ಆಹಾರವೇ. ಉಗುರುಬೆಚ್ಚಗೆ ಮಾಡಿದರೆ ವಾಸನೆ ಏಳುತ್ತದೆ, ಬೆಕ್ಕು ಬಾಯಿ ಹಾಕುತ್ತದೆ.

ಹಸಿವು ಚೆನ್ನಾಗಿದ್ದು ತಪಾಸಣೆಯಲ್ಲಿ ಕಾಯಿಲೆ ಕಾಣದಿದ್ದರೆ, ಮರಿಗಳಿಗೆಂದು ತಯಾರಿಸಿದ ಒಣ ಆಹಾರ ಒಳ್ಳೆಯದು. ಅದರಲ್ಲಿ ಪ್ರೋಟೀನ್, ಕೊಬ್ಬು ಹೆಚ್ಚು. ಹಳೆಯದರೊಂದಿಗೆ ಬೆರೆಸುತ್ತ ಒಂದು ವಾರದಲ್ಲಿ ಬದಲಾಯಿಸಿ. ಇಡೀ ದಿನ ಏನೂ ಮುಟ್ಟದಿದ್ದರೆ ಮಾತ್ರ ಕಾಯಬೇಡಿ: ಉಪವಾಸ ಮುಂದುವರಿದರೆ ಬೆಕ್ಕಿನ ಯಕೃತ್ತಿನಲ್ಲಿ ಕೊಬ್ಬು ತುಂಬಿ ಪ್ರಾಣಕ್ಕೇ ಕುತ್ತು ಬರಬಹುದು.