ಹೆರಾಲ್ಡ್ ಗೇರ್‌ಬಾಕ್ಸಿನ ಹಿಂದಿನ ಆಯಿಲ್ ಸೀಲ್: ನಾನು ಹಾಕಿ ನೋಡಿದ ನಾಲ್ಕು ಬಗೆಗಳು

ಕಲಬುರಗಿಯ ನಮ್ಮ ಮನೆಯಲ್ಲಿ ಕಾರು ನಿಲ್ಲುವ ಶೆಡ್ಡಿಗೆ ಶಹಾಬಾದ್ ಕಲ್ಲು ಹಾಸಿದೆ. ಆ ಕಲ್ಲಿಗೆ ಗೇರ್ ಎಣ್ಣೆ ಬಿದ್ದು ಒಂದು ರಾತ್ರಿ ಕಳೆದರೆ ಕಲೆ ಉಳಿದುಬಿಡುತ್ತದೆ. ತಂದೆಯವರ ಕಾಲದ ಸ್ಟ್ಯಾಂಡರ್ಡ್ ಹೆರಾಲ್ಡ್ (ಇಂಗ್ಲೆಂಡಿನ ಟ್ರಯಂಫ್ ಹೆರಾಲ್ಡಿನ ಭಾರತೀಯ ರೂಪ) ಕಾರಿನಿಂದ ಅಂಥ ಕಲೆಗಳು ಹೆಚ್ಚತೊಡಗಿದಾಗ, ಗೇರ್‌ಬಾಕ್ಸಿನ ಹಿಂದಿನ ಸೀಲನ್ನು, ಅಂದರೆ ಎಣ್ಣೆ ಹೊರಬರದಂತೆ ತಡೆಯುವ ರಬ್ಬರ್ ಉಂಗುರವನ್ನು, ನಾಲ್ಕು ಬಗೆಯಲ್ಲಿ ಬದಲಿಸಿ ನೋಡಿದೆ. 1962ರಲ್ಲಿ ಬಂದ ಟ್ರಯಂಫ್ ಸ್ಪಿಟ್‌ಫೈರ್ ಸ್ಪೋರ್ಟ್ಸ್ ಕಾರು ಹೆರಾಲ್ಡಿನ ಚಾಸಿಯನ್ನೇ ಗಿಡ್ಡಗೊಳಿಸಿ ಕಟ್ಟಿದ್ದಾದ್ದರಿಂದ, ಅದನ್ನು ಇಟ್ಟುಕೊಂಡವರಿಗೂ ಈ ಅನುಭವ ಬಹುಮಟ್ಟಿಗೆ ಉಪಯೋಗಕ್ಕೆ ಬರಬಹುದು.

ಈ ಕೆಲಸಕ್ಕೆ ಗೇರ್‌ಬಾಕ್ಸನ್ನು ಇಳಿಸಬೇಕಾಗಿಲ್ಲ. ಹಿಂದಿನ ಗಾಲಿಗಳ ಕಡೆಗೆ ಶಕ್ತಿ ಒಯ್ಯುವ ಪ್ರೊಪೆಲ್ಲರ್ ಶಾಫ್ಟಿನ ನಾಲ್ಕು ಬೋಲ್ಟುಗಳನ್ನು ಬಿಚ್ಚಿ, ನಟ್ಟು ತೆಗೆದು, ಆ ಶಾಫ್ಟು ಕೂಡುವ ಬಿಲ್ಲೆಯಂಥ ಉಕ್ಕಿನ ಭಾಗವಾದ ಫ್ಲ್ಯಾಂಜನ್ನು ಎಳೆದರೆ ಸೀಲು ಎದುರಿಗೇ ಸಿಗುತ್ತದೆ. ಸೀಲಿನ ತುಟಿ, ಅಂದರೆ ಅದರ ಒಳಅಂಚು, ಒರಗಿ ಕೂಡುವುದು ಈ ಫ್ಲ್ಯಾಂಜಿನ ಕತ್ತಿನ ಮೇಲೆ. ಪ್ರತಿ ಸಲವೂ ಹುಮನಾಬಾದಿಗೆ ಹೋಗಿಬಂದು, ಕಾರಿನ ಅಡಿಗೆ ರಟ್ಟು ಹಾಸಿ, ಬೆಳಿಗ್ಗೆ ಬಿದ್ದ ಹನಿಗಳನ್ನು ಎಣಿಸಿದೆ.

ಮೊದಲು ಹಾಕಿದ್ದು ಇಲ್ಲಿನ ಅಂಗಡಿಯಲ್ಲೇ ಸಿಗುವ ಒಂದೇ ತುಟಿಯ ನೈಟ್ರೈಲ್ ರಬ್ಬರಿನ ಸೀಲು. ಬೆಲೆ ತೀರ ಕಡಿಮೆ. ಆದರೆ ಹಳೆಯ ಇಂಗ್ಲಿಷ್ ಕಾರುಗಳ ಅಳತೆ ಇಂಚಿನಲ್ಲಿರುತ್ತದೆ, ಅಂಗಡಿಯವರು ಕೊಡುವುದು ಮಿಲಿಮೀಟರಿನ ಸೀಲು. ಉದಾಹರಣೆಗೆ 2 ಇಂಚಿನ ಗೂಡು ಎಂದರೆ 50.8 ಮಿಲಿಮೀಟರ್; ಅದರಲ್ಲಿ 50ರ ಸೀಲು ಸಡಿಲವಾಗಿ ತಿರುಗುತ್ತದೆ, 52ರದು ಒಳಗೇ ಹೋಗುವುದಿಲ್ಲ. ಸರಿಯಾದ ಅಳತೆಯದನ್ನೇ ಹುಡುಕಿ ಹಾಕಿದ ಮೇಲೂ ಸುಮಾರು 600 ಕಿಲೋಮೀಟರಿಗೆ ಹನಿ ಮರಳಿ ಬಂದಿತು.

ಎರಡನೆಯದು ವಿಟಾನ್ ಎಂಬ ಬೇರೆ ಬಗೆಯ ರಬ್ಬರಿನ ಸೀಲು. ನೈಟ್ರೈಲ್ ಸುಮಾರು 100 ಡಿಗ್ರಿ ಸೆಲ್ಸಿಯಸ್‌ವರೆಗೆ ನೆಮ್ಮದಿಯಾಗಿ ಬಾಳಿದರೆ, ವಿಟಾನ್ 200ರ ಆಸುಪಾಸಿನವರೆಗೂ ತಾಳುತ್ತದೆ. ನಮ್ಮ ಬಿಸಿಲಿಗೆ ಇದೇ ತಕ್ಕದ್ದೆಂದು ನಂಬಿ ನಾಲ್ಕು ಪಟ್ಟು ಹಣ ಕೊಟ್ಟೆ. ಆ ಲೆಕ್ಕ ತಪ್ಪಾಗಿತ್ತು. ಮೇ ತಿಂಗಳ ನಡುಹಗಲಿನಲ್ಲಿ ಸೇಡಂವರೆಗೆ ಓಡಿಸಿ ಬಂದ ಕೂಡಲೇ ಅಳೆದಾಗಲೂ ಗೇರ್‌ಬಾಕ್ಸಿನ ಮೈ ಬಿಸಿ 80 ಡಿಗ್ರಿ ದಾಟಿರಲಿಲ್ಲ. ಹನಿಯಂತೂ ಮೊದಲಿನಷ್ಟೇ ಬಿತ್ತು. ಆಗ ನಮ್ಮ ಮಿಸ್ತ್ರಿ ಫ್ಲ್ಯಾಂಜನ್ನು ನನ್ನ ಕೈಗಿಟ್ಟು, "ಸರ, ಸೀಲ್ ಎಷ್ಟ ಛಲೋ ಇದ್ದರ ಏನ್ರಿ, ಫ್ಲ್ಯಾಂಜೇ ಕೊರದದ, ಎಣ್ಣಿ ಹ್ಯಾಂಗ ನಿಂದರತದ?" ಎಂದರು. ಅದರ ಕತ್ತಿನ ಸುತ್ತ ಉಗುರು ಸಿಕ್ಕಿಕೊಳ್ಳುವಷ್ಟು ಆಳದ ಗೆರೆಯೊಂದಿತ್ತು. ನಮ್ಮ ರಸ್ತೆಗಳ ಸಣ್ಣ ಧೂಳು ಎಣ್ಣೆಯೊಡನೆ ಬೆರೆತು ಸೀಲಿನ ತುಟಿಗೆ ಅಂಟಿಕೊಂಡರೆ, ಮೆತ್ತನೆಯ ರಬ್ಬರೇ ಉಕ್ಕನ್ನು ಸವೆಸುತ್ತದೆ.

ಮೂರನೆಯ ಪ್ರಯತ್ನವಾಗಿ ಆ ಕತ್ತಿಗೆ ವೆಲ್ಡಿಂಗ್ ತುಂಬಿಸಿ ಲೇಥಿನಲ್ಲಿ ಕಡೆಸಿದೆ. ಅಳತೆ ಕೂದಲೆಳೆಯಷ್ಟೂ ತಪ್ಪಿರಲಿಲ್ಲ, ಮೇಲ್ಮೈ ಕನ್ನಡಿಯಂತೆ ಹೊಳೆಯುತ್ತಿತ್ತು. ಆದರೂ ನಾಲ್ಕರಲ್ಲಿ ಅತಿ ಹೆಚ್ಚು ಸೋರಿದ್ದು ಇದೇ. ಕಾರಣ ತಿಳಿಯಲು ನನಗೆ ವಾರವೇ ಹಿಡಿಯಿತು. ಲೇಥಿನ ಉಳಿ ಪಕ್ಕಕ್ಕೆ ಸರಿಯುತ್ತ ಕಡೆಯುವುದರಿಂದ ಮೇಲ್ಮೈಯಲ್ಲಿ ಕಣ್ಣಿಗೆ ಕಾಣದಷ್ಟು ಸಣ್ಣ ಸ್ಕ್ರೂ ಗೆರೆ ಉಳಿಯುತ್ತದೆ, ಮತ್ತು ಫ್ಲ್ಯಾಂಜ್ ತಿರುಗುವ ದಿಕ್ಕಿಗೆ ಆ ಗೆರೆ ಹೊರಮುಖವಾಗಿದ್ದರೆ ಅದೇ ಒಂದು ಪಂಪಿನಂತೆ ಎಣ್ಣೆಯನ್ನು ತುಟಿಯಡಿಯಿಂದ ಹೊರಗೆ ತಳ್ಳುತ್ತದೆ. ಸೀಲು ಕೂಡುವ ಜಾಗವನ್ನು ಪಕ್ಕಕ್ಕೆ ಸರಿಸದೆ ನೇರವಾಗಿ ಗ್ರೈಂಡ್ ಮಾಡಬೇಕು. ಲೇಥಿನವರು ಕೆಲಸದಲ್ಲಿ ನಿಪುಣರೇ. ಈ ಅಗತ್ಯವನ್ನು ನಾನು ಅವರಿಗೆ ಹೇಳಿರಲಿಲ್ಲ.

ಕೊನೆಗೆ ಬೇರೆ ಫ್ಲ್ಯಾಂಜ್ ಒಂದನ್ನು ತಂದೆ. ಅದರಲ್ಲೂ ಗೆರೆ ಇದ್ದುದರಿಂದ ಮೇಲೆ ತೆಳು ಸ್ಟೇನ್‌ಲೆಸ್ ಸ್ಲೀವ್ (ಕತ್ತನ್ನು ಮುಚ್ಚುವ ಕೊಳವೆಯಂಥ ಕವಚ) ಏರಿಸಿ, ಎರಡು ತುಟಿಯ ನೈಟ್ರೈಲ್ ಸೀಲು ಹಾಕಿದೆ. ಸ್ಲೀವಿನ ದಪ್ಪ ಕಾಲು ಮಿಲಿಮೀಟರಿಗಿಂತ ತುಸು ಹೆಚ್ಚಷ್ಟೇ ಆದ್ದರಿಂದ ಸೀಲಿನ ಅಳತೆ ಬದಲಿಸಬೇಕಾಗಲಿಲ್ಲ. ಸೀಲಿನ ಒಳತುಟಿ ಎಣ್ಣೆಯನ್ನು ತಡೆದರೆ ಹೊರತುಟಿ ಧೂಳನ್ನು ತಡೆಯುತ್ತದೆ. ನಮ್ಮ ಭಾಗದಲ್ಲಿ ವಿಟಾನ್‌ಗಿಂತ ಈ ಹೊರತುಟಿಗೆ ಹಣ ಕೊಡುವುದು ಮೇಲೆಂಬುದು ನನ್ನ ಖಚಿತ ಅಭಿಪ್ರಾಯ. ಎರಡು ತುಟಿಗಳ ನಡುವೆ ಗ್ರೀಸ್ ತುಂಬಿ, ಸ್ಪ್ರಿಂಗ್ ಇರುವ ಬದಿಯನ್ನು ಎಣ್ಣೆಯ ಕಡೆಗಿಟ್ಟು, ಸೀಲಿನ ಅಗಲಕ್ಕೆ ಹೊಂದುವ ಪೈಪಿನ ತುಂಡಿನಿಂದ ಓರೆಯಾಗದಂತೆ ಬಡಿದು ಕೂಡಿಸಬೇಕು. ಸ್ಲೀವ್ ಒಮ್ಮೆ ಓರೆಯಾಗಿ ಏರಿತೆಂದರೆ ಅದನ್ನು ಎಸೆಯುವುದೇ ಸರಿ.

ಈ ಜೋಡಣೆಯ ಮೇಲೆ ಈಗ 2,400 ಕಿಲೋಮೀಟರ್ ಓಡಿದೆ, ರಟ್ಟು ಒಣಗಿಯೇ ಇದೆ. ಇನ್ನು ಹಿಂದಿನ ಗಾಲಿಗಳ ನಡುವಿನ ಗೇರು ಪೆಟ್ಟಿಗೆಯಾದ ಡಿಫರೆನ್ಷಿಯಲ್ಲಿನ ಮುಂದಿನ ಸೀಲು ತುಸು ಒದ್ದೆಯಾಗುತ್ತಿದೆ. ಅದಕ್ಕೆ ಈ ಸಲ ಸೀಲನ್ನು ಕೊಳ್ಳುವ ಮುಂಚೆ ಫ್ಲ್ಯಾಂಜನ್ನು ಬಿಚ್ಚಿ, ಅದರ ಕತ್ತಿನ ಮೇಲೆ ಉಗುರಾಡಿಸಿ ನೋಡುವವನಿದ್ದೇನೆ.